ಪ್ರಜ್ಞೆ ಎಂದರೇನು, ಅದರಲ್ಲಿ ಹೆಚ್ಚು ಕಡಿಮೆ ಉಂಟೇ: ವಿಚಾರಿಸುವ ಒಂದು ಕ್ರಮ

ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್‌ನಲ್ಲಿ ನಡೆದ ಬರ್ಬರ ಹಲ್ಲೆ ಅವರ ಮೆದುಳನ್ನು ಮತ್ತೆ ಸರಿಹೋಗದಂತೆ ಘಾಸಿಗೊಳಿಸಿತು. ಮೂವತ್ತೇಳು ವರ್ಷಗಳ ನಂತರ, ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಅವರನ್ನು ಪರೀಕ್ಷಿಸಿದರು. ಅವರ ವರದಿ 2011ರ ಮಾರ್ಚ್ 7ರ ತೀರ್ಪಿನಲ್ಲೇ ಸೇರಿದೆ. ಆಕೆಗೆ ಪ್ರಜ್ಞೆ ಇತ್ತೆಂದೂ ಸುತ್ತಮುತ್ತಲಿನ ಅರಿವು ಇದ್ದಂತೆ ತೋರಲಿಲ್ಲವೆಂದೂ ಆ ವರದಿ ಒಂದೇ ಉಸಿರಿನಲ್ಲಿ ಹೇಳುತ್ತದೆ. ಆಸ್ಪತ್ರೆಯ ದಾದಿಯರು ಮಾತ್ರ, ಇಷ್ಟದ ಊಟ ಬಂದರೆ ಆಕೆಯ ಮುಖ ಅರಳುತ್ತದೆ, ಬೇಡವಾದರೆ ಧ್ವನಿ ಮಾಡಿ ತಿಳಿಸುತ್ತಾಳೆ ಎಂದು ನಂಬಿದ್ದರು. ಇತ್ತ ಪತ್ರಿಕೆಗಳಲ್ಲಿ, 2015ರ ಮೇ 18ರಂದು ಅವರು ತೀರಿಕೊಂಡಾಗಲೂ, ಅದೆಲ್ಲವೂ ‘ಕೋಮಾ’ ಎಂಬ ಒಂದೇ ಪದದೊಳಗೆ ಅಡಗಿಹೋಯಿತು.

ವರದಿಯ ಆ ಮಾತಿನಲ್ಲಿ ವೈದ್ಯರು ತಪ್ಪಿದರೆಂದು ನಾನು ಹೇಳುತ್ತಿಲ್ಲ. ಅವರು ಮೊದಲನೆಯ ಪದವನ್ನು ಎಚ್ಚರ ಎಂಬ ಅರ್ಥದಲ್ಲಿಯೂ ಎರಡನೆಯದನ್ನು ತಿಳಿವು ಎಂಬ ಅರ್ಥದಲ್ಲಿಯೂ ಬಳಸಿದರು, ಹಾಗೆ ಬಳಸುವುದು ವೈದ್ಯಶಾಸ್ತ್ರದಲ್ಲಿ ರೂಢಿ. ಆದರೆ ಒಂದು ಜೀವವನ್ನು ಉಳಿಸಬೇಕೇ ಬಿಡಬೇಕೇ ಎಂಬ ತೀರ್ಮಾನ ಇಂತಹ ಪದಗಳ ಮೇಲೆ ನಿಲ್ಲುವಾಗ, ಆ ಪದಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಪಂಡಿತರಿಗಷ್ಟೇ ಬಿಟ್ಟ ಕೆಲಸವಾಗಿ ಉಳಿಯುವುದಿಲ್ಲ. ಪ್ರಜ್ಞೆಯ ವಿಷಯದಲ್ಲಿ ಓದುವವರು, ಬರೆಯುವವರು, ಅಥವಾ ಮನೆಯವರೊಬ್ಬರ ಹಾಸಿಗೆಯ ಪಕ್ಕದಲ್ಲಿ ಕುಳಿತು ಈ ಪ್ರಶ್ನೆಯನ್ನು ಎದುರಿಸುತ್ತಿರುವವರು ಯಾವ ಕ್ರಮದಲ್ಲಿ ವಿಚಾರ ಮಾಡಬಹುದೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದವನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ ಈ ಕೆಲಸಕ್ಕೆ ಅನುಕೂಲವೇ ಹೆಚ್ಚು, ಏಕೆಂದರೆ ನಮ್ಮಲ್ಲಿ ಒಂದು ಪದದ ಬದಲು ಹಲವು ಪದಗಳಿವೆ: ಎಚ್ಚರ, ಪ್ರಜ್ಞೆ, ಅರಿವು, ಪರಿವೆ, ಚೈತನ್ಯ. ಹಳ್ಳಿಯಲ್ಲಿ ‘ಮೈಮೇಲೆ ಜ್ಞಾನ ಇಲ್ಲ’ ಎನ್ನುವುದೂ ಉಂಟು. ನಿಮ್ಮ ಮುಂದಿರುವ ವಾಕ್ಯದಲ್ಲಿ ‘ಪ್ರಜ್ಞೆ’ ಎಂದಿರುವ ಕಡೆ ಈ ಪದಗಳನ್ನು ಒಂದೊಂದಾಗಿ ಇಟ್ಟು ನೋಡಿ. ‘ರೋಗಿಗೆ ಪ್ರಜ್ಞೆ ಬಂತು’ ಎಂಬಲ್ಲಿ ‘ಎಚ್ಚರ’ ಹೊಂದುತ್ತದೆ. ‘ತಾನು ಎಲ್ಲಿದ್ದೇನೆಂಬ ಪ್ರಜ್ಞೆ ಅವನಿಗಿರಲಿಲ್ಲ’ ಎಂಬಲ್ಲಿ ‘ಎಚ್ಚರ’ ಹೊಂದುವುದಿಲ್ಲ, ‘ಅರಿವು’ ಅಥವಾ ‘ಪರಿವೆ’ ಹೊಂದುತ್ತದೆ. ‘ಸಮಯಪ್ರಜ್ಞೆ’, ‘ಸಾಮಾಜಿಕ ಪ್ರಜ್ಞೆ’, ‘ಪ್ರಜ್ಞಾವಂತ ನಾಗರಿಕ’ ಎಂಬಲ್ಲಿ ಇವೆರಡೂ ಸಲ್ಲದೆ ‘ವಿವೇಕ’ವೇ ಬೇಕಾಗುತ್ತದೆ. ಈ ಮೂರನೆಯ ಅರ್ಥದಲ್ಲಿ ಪ್ರಜ್ಞೆ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆ ನಿಸ್ಸಂದೇಹವನ್ನು ಮೊದಲ ಎರಡು ಅರ್ಥಗಳಿಗೂ ತಿಳಿಯದೆಯೇ ಹರಿಸಿಬಿಡುವುದು ಈ ಚರ್ಚೆಯಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ದೋಷ.

ಇದಾದ ಮೇಲೆ ಉಳಿಯುವುದು ನಿಜವಾದ ಕಷ್ಟದ ಅರ್ಥ, ಅನುಭವ ಎಂಬ ಅರ್ಥ. ಅಮೆರಿಕದ ತತ್ತ್ವಶಾಸ್ತ್ರಜ್ಞ ಥಾಮಸ್ ನೇಗೆಲ್ 1974ರಲ್ಲಿ ಬಾವಲಿಯ ಉದಾಹರಣೆ ಹಿಡಿದು ಇದಕ್ಕೊಂದು ಒರೆಗಲ್ಲು ಕೊಟ್ಟರು: ಆ ಜೀವಿಯಾಗಿರುವುದು ಆ ಜೀವಿಗೇ ಹೇಗೋ ಒಂದು ಅನಿಸುತ್ತದೆ ಎಂದಾದರೆ ಅದಕ್ಕೆ ಪ್ರಜ್ಞೆಯಿದೆ. ಇಂಗ್ಲಿಷಿನಲ್ಲಿ ಈ ಮಾತನ್ನು ಹೇಳಲು ಅವರು ಸ್ವಲ್ಪ ಹೆಣಗಬೇಕಾಯಿತು. ನಮ್ಮ ವ್ಯಾಕರಣದಲ್ಲಿ ಅದು ಮೊದಲೇ ಕುಳಿತಿದೆ. ನಾವು ‘ನಾನು ಹಸಿಯುತ್ತೇನೆ’ ಎನ್ನುವುದಕ್ಕಿಂತ ‘ನನಗೆ ಹಸಿವಾಗುತ್ತಿದೆ’ ಎನ್ನುತ್ತೇವೆ. ನೋವು, ಚಳಿ, ಬೇಸರ, ಭಯ ಎಲ್ಲವೂ ‘ಯಾರಿಗೋ’ ಆಗುವಂಥವು. ಬಿಸಿಲಿನಲ್ಲಿ ‘ಕಲ್ಲು ಕಾದಿದೆ’ ಎನ್ನಬಹುದು, ‘ಕಲ್ಲಿಗೆ ಸೆಕೆಯಾಗಿದೆ’ ಎನ್ನಲಾಗದು. ಎಮ್ಮೆಯ ವಿಷಯದಲ್ಲಿ ಎರಡನ್ನೂ ಸಲೀಸಾಗಿ ಹೇಳಬಹುದು. ಈ ಚತುರ್ಥೀ ವಿಭಕ್ತಿಯ ಪರೀಕ್ಷೆ ಯಾವುದಕ್ಕೆ ಪ್ರಜ್ಞೆಯಿದೆ ಎಂಬುದನ್ನು ತೀರ್ಮಾನಿಸಿಕೊಡುವುದಿಲ್ಲ, ಏಕೆಂದರೆ ಭಾಷೆ ತಪ್ಪಿರಬಹುದು. ಆದರೆ ನಾವು ಕೇಳುತ್ತಿರುವ ಪ್ರಶ್ನೆ ಯಾವುದೆಂಬುದನ್ನು ಅದು ಖಚಿತವಾಗಿ ತೋರಿಸುತ್ತದೆ: ಅಲ್ಲಿ ಏನಾದರೂ ಯಾರಿಗಾದರೂ ಆಗುತ್ತಿದೆಯೇ?

ಇಂತಹ ವ್ಯಾಖ್ಯೆಯ ಮೇಲೆ ಬರುವ ಆಕ್ಷೇಪವೆಂದರೆ, ಇದು ಅನುಭವವನ್ನು ಅನುಭವದಿಂದಲೇ ವಿವರಿಸುತ್ತದೆ, ಆದ್ದರಿಂದ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ ಎಂಬುದು. ಅದು ಸರಿಯೇ. ಆದರೆ ಕೆಂಪು ಎಂದರೇನೆಂದು ಮಗುವಿಗೆ ಕಲಿಸುವಾಗಲೂ ನಾವು ದಾಸವಾಳವನ್ನೂ ಕುಂಕುಮವನ್ನೂ ತೋರಿಸುತ್ತೇವೆಯೇ ಹೊರತು ಬೆಳಕಿನ ತರಂಗಾಂತರವನ್ನು ಹೇಳುವುದಿಲ್ಲ. ವಿಚಾರದ ಆರಂಭದಲ್ಲಿ ಬೇಕಾದದ್ದು ವಸ್ತುವನ್ನು ತೋರಿಸಿಕೊಡುವ ವ್ಯಾಖ್ಯೆ. ಅದು ಏನಿಂದ ಆಗಿದೆ ಎಂದು ವಿವರಿಸುವ ವ್ಯಾಖ್ಯೆ ವಿಚಾರದ ಕೊನೆಯಲ್ಲಿ ಸಿಕ್ಕರೆ ಸಿಕ್ಕೀತು. ‘ಮೆದುಳಿನಲ್ಲಿ ಮಾಹಿತಿ ಒಗ್ಗೂಡುವುದೇ ಪ್ರಜ್ಞೆ’ ಎಂದೋ ‘ತನ್ನ ಸ್ಥಿತಿಯನ್ನು ವರದಿ ಮಾಡಬಲ್ಲ ಶಕ್ತಿಯೇ ಪ್ರಜ್ಞೆ’ ಎಂದೋ ಮೊದಲ ಸಾಲಿನಲ್ಲೇ ಬರೆದುಕೊಂಡವರು ಸಾಧಿಸಬೇಕಾದ ಸಿದ್ಧಾಂತವನ್ನು ವ್ಯಾಖ್ಯೆಯ ವೇಷದಲ್ಲಿ ಒಳಗೆ ತಂದಿರುತ್ತಾರೆ. ನೆಡ್ ಬ್ಲಾಕ್ ಎಂಬ ತತ್ತ್ವಶಾಸ್ತ್ರಜ್ಞರು 1995ರಲ್ಲಿ ಅನುಭವವೆಂಬ ಪ್ರಜ್ಞೆಯನ್ನು, ಮಾತಿಗೂ ತರ್ಕಕ್ಕೂ ಕ್ರಿಯೆಗೂ ಒದಗಿಬರುವ ಮಾಹಿತಿ ಎಂಬ ಪ್ರಜ್ಞೆಯಿಂದ ಬೇರ್ಪಡಿಸಿದ್ದು ಇದೇ ಕಾರಣಕ್ಕೆ. ಇವೆರಡೂ ಸಾಮಾನ್ಯವಾಗಿ ಜೊತೆಯಲ್ಲೇ ಇರುತ್ತವೆ, ಆದರೆ ಜೊತೆಯಲ್ಲಿರುವುದು ಬೇರೆ, ಒಂದೇ ಆಗಿರುವುದು ಬೇರೆ.

ಅಳತೆಗೆ ಮುನ್ನ ಕೇಳಬೇಕಾದ ಪ್ರಶ್ನೆ

‘ಪ್ರಜ್ಞೆಗೆ ಮಟ್ಟಗಳಿವೆ’ ಎಂದು ಯಾರಾದರೂ ಹೇಳಿದಾಗ, ಒಪ್ಪುವ ಮೊದಲು ಅವರು ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿ. ಗಡಿ ಮಸುಕಾಗಿದೆ ಎನ್ನುವುದು ಒಂದು ಮಾತು. ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ ಎನ್ನುವುದು ಇನ್ನೊಂದು. ಬೆಳಗಾಗುವುದು ಯಾವ ನಿಮಿಷದಲ್ಲಿ ಎಂದು ಹೇಳಲಾಗದು, ಮಬ್ಬುಗತ್ತಲೆಯಲ್ಲಿ ಅದು ಬೆಳಗೂ ಹೌದು ಇರುಳೂ ಹೌದು ಎಂಬಂತಿರುತ್ತದೆ. ಆದರೆ ಹತ್ತು ಗಂಟೆಯ ಬೆಳಗು ಎಂಟು ಗಂಟೆಯ ಬೆಳಗಿಗಿಂತ ‘ಹೆಚ್ಚು ಬೆಳಗು’ ಅಲ್ಲ. ಎತ್ತರದ ವಿಷಯ ಹಾಗಲ್ಲ. ಅಲ್ಲಿ ನಿಜವಾಗಿಯೇ ಪ್ರಮಾಣವಿದೆ. ಹಾಗಾದರೆ ಪ್ರಜ್ಞೆ ಬೆಳಗಿನಂತೆಯೋ ಎತ್ತರದಂತೆಯೋ, ಅಥವಾ ಗಡಿಯೂ ಖಚಿತವಾಗಿರುವ, ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರವುಳ್ಳ ಸಂಗತಿಯೋ?

ಅದು ಹೌದು-ಅಲ್ಲಗಳ ಸಂಗತಿ ಎನ್ನುವವರ ಬಲವಾದ ವಾದ ದೀಪದ್ದು. ಸೊಡರನ್ನು ಎಷ್ಟೇ ಸಣ್ಣದು ಮಾಡಿದರೂ ಅದು ಉರಿಯುತ್ತಿರುವವರೆಗೆ ಉರಿಯುತ್ತಲೇ ಇದೆ. ಮಂಕಾದ ಬೆಳಕು ‘ಅರ್ಧ ಉರಿಯುವುದು’ ಅಲ್ಲ. ಹಾಗೆಯೇ ಮಂಪರಿನಲ್ಲಿರುವವನಿಗೆ ಕಾಣುವುದು ಮಸುಕು, ಕೇಳುವುದು ದೂರದ ಧ್ವನಿ, ನೆನಪು ಚೂರುಚೂರು. ಆದರೆ ಆ ಮಸುಕು ಅವನಿಗೆ ಪೂರ್ತಿಯಾಗಿಯೇ ಆಗುತ್ತಿದೆ. ಕುಗ್ಗಿದ್ದು ಅನುಭವದೊಳಗಿನ ವಿಷಯ, ಅನುಭವವೆಂಬುದಲ್ಲ. ಇದಕ್ಕೆ ಎದುರಾದ ವಾದ ಜೀವವಿಜ್ಞಾನದಿಂದ ಬರುತ್ತದೆ. ನರಕೋಶಗಳು ಗರ್ಭದಲ್ಲಿ ಒಂದೊಂದಾಗಿ ಹೆಣೆದುಕೊಳ್ಳುತ್ತವೆ, ಜೀವಿಗಳು ಕೋಟ್ಯಂತರ ವರ್ಷಗಳಲ್ಲಿ ಹೆಜ್ಜೆಹೆಜ್ಜೆಯಾಗಿ ವಿಕಾಸಗೊಂಡಿವೆ. ಇಷ್ಟು ನಿಧಾನವಾದ ಏರುಹಾದಿಯ ಯಾವುದೋ ಒಂದು ಹೆಜ್ಜೆಯಲ್ಲಿ, ಹಿಂದಿನ ಕ್ಷಣ ಏನೂ ಇಲ್ಲದೆ ಮುಂದಿನ ಕ್ಷಣ ಎಲ್ಲವೂ ಇರುವಂತೆ, ಅನುಭವ ಹೊತ್ತಿಕೊಂಡಿತೆಂದು ನಂಬುವುದು ಕಷ್ಟ. ಈ ಎರಡನೆಯ ವಾದಕ್ಕೆ ಬಲವಿದೆ, ಆದರೆ ಅದು ಸಾಧಿಸುವುದು ಹೆಚ್ಚೆಂದರೆ ಗಡಿಯ ಮಸುಕನ್ನು. ಪ್ರಮಾಣವಿದೆಯೆಂದು ಅದರಿಂದ ಬರುವುದಿಲ್ಲ. ‘ಅರೆಪ್ರಜ್ಞೆ’ ಎಂಬ ಪದವನ್ನು ಬಳಸುವಾಗಲೆಲ್ಲ ‘ಯಾವುದರ ಅರ್ಧ?’ ಎಂದು ಕೇಳಿಕೊಂಡರೆ, ಬಹುಪಾಲು ಸಲ ಉತ್ತರ ಎಚ್ಚರದ ಅರ್ಧ, ಗಮನದ ಅರ್ಧ, ನೆನಪಿನ ಅರ್ಧ, ಅಥವಾ ಕ್ಷಣ ಬಿಟ್ಟು ಕ್ಷಣ ಬಂದುಹೋಗುವ ಅರಿವು ಎಂದೇ ಸಿಗುತ್ತದೆ.

ಒಂದು ಮಾಪನವನ್ನು ಬಿಚ್ಚಿ ನೋಡುವುದು

ಇದನ್ನು ಅಭ್ಯಾಸ ಮಾಡಲು ಗ್ಲಾಸ್ಗೋ ಕೋಮಾ ಮಾಪನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ರೂಪಿಸಿದ ಈ ಮಾಪನ ಇಂದು ತಲೆಗೆ ಪೆಟ್ಟು ಬಿದ್ದವರನ್ನು ಕರೆತರುವ ಕಡೆಗಳಲ್ಲೆಲ್ಲ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ 1ರಿಂದ 4, ಮಾತಿಗೆ 1ರಿಂದ 5, ಕೈಕಾಲುಗಳ ಚಲನೆಗೆ 1ರಿಂದ 6 ಅಂಕ. ಎಲ್ಲ ಸೇರಿ ಕನಿಷ್ಠ 3, ಗರಿಷ್ಠ 15. ಮೊತ್ತ 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟನ್ನು ತೀವ್ರವೆಂದು ಎಣಿಸುತ್ತಾರೆ. ತುರ್ತುಸ್ಥಿತಿಯಲ್ಲಿ ಒಬ್ಬ ವೈದ್ಯರು ಇನ್ನೊಬ್ಬರಿಗೆ ಕ್ಷಣದಲ್ಲಿ ವಿಷಯ ದಾಟಿಸಲು ಇದು ಬಹಳ ಉಪಯುಕ್ತ, ಅದರ ಬಗ್ಗೆ ನನಗೆ ಗೌರವವಿದೆ. ತೊಂದರೆಯಾಗುವುದು ಆ ಮೊತ್ತವನ್ನು ಪ್ರಜ್ಞೆಯ ಪ್ರಮಾಣವೆಂದು ಓದಿದಾಗ.

ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವರು ತಾವಾಗಿ ಕಣ್ಣು ಬಿಟ್ಟಿದ್ದಾರೆ, ಅದಕ್ಕೆ 4. ಯಾವ ಧ್ವನಿಯೂ ಇಲ್ಲ, 1. ಚಿವುಟಿದರೆ ಕೈ ಹಿಂದೆಗೆಯುತ್ತಾರೆ, 4. ಎರಡನೆಯವರು ನೋವು ಕೊಟ್ಟಾಗ ಮಾತ್ರ ಕಣ್ಣು ತೆರೆಯುತ್ತಾರೆ, 2, ನರಳುತ್ತಾರೆ, 2, ನೋವಿನ ಜಾಗಕ್ಕೇ ಕೈ ಒಯ್ಯುತ್ತಾರೆ, 5. ಇಬ್ಬರಿಗೂ 9. ಇವರ ಪ್ರಜ್ಞೆ ಸಮಾನವೇ? ಆ ಪ್ರಶ್ನೆಗೆ ಅರ್ಥವೇ ಇಲ್ಲ, ಏಕೆಂದರೆ ಕೂಡಿಸಿದ್ದು ಮೂರು ಬೇರೆ ಬೇರೆ ಜಾತಿಯ ಸಂಗತಿಗಳನ್ನು. ಈಗ ಮೂರನೆಯವರನ್ನು ನೋಡಿ. ಮಿದುಳುಕಾಂಡದ ಮುಂಭಾಗಕ್ಕೆ ಪಾರ್ಶ್ವವಾಯು ತಗಲಿ, ಕಣ್ಣುಗಳನ್ನು ಮೇಲೆ ಕೆಳಗೆ ಆಡಿಸುವುದು ಮತ್ತು ರೆಪ್ಪೆ ಮಿಟುಕಿಸುವುದನ್ನು ಬಿಟ್ಟು ಉಳಿದೆಲ್ಲ ಸ್ನಾಯುಗಳೂ ನಿಶ್ಚಲವಾಗಿರುವ, ಆದರೆ ಬುದ್ಧಿ, ನೆನಪು, ನೋವು, ದುಃಖ ಎಲ್ಲವೂ ಯಥಾಸ್ಥಿತಿಯಲ್ಲಿರುವ ವ್ಯಕ್ತಿ. ಇದಕ್ಕೆ ಲಾಕ್ಡ್-ಇನ್ ಸಿಂಡ್ರೋಮ್ ಎಂಬ ಹೆಸರು 1966ರಿಂದ ಇದೆ. ಕಣ್ಣಿನ ಸನ್ನೆಯನ್ನು ಗಮನಿಸದೆ ಅಂಕ ಹಾಕಿದರೆ ಅವರಿಗೆ 4, 1, 1, ಒಟ್ಟು 6 ಬರುತ್ತದೆ. ಮೂವರಲ್ಲಿ ಅತ್ಯಂತ ಕಡಿಮೆ ಅಂಕ, ನಮ್ಮಂತೆಯೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಮನುಷ್ಯನಿಗೆ.

ಆದ್ದರಿಂದ ಏಣಿಯ ಚಿತ್ರವನ್ನು ಬಿಟ್ಟು, ಬೇರೆ ಬೇರೆ ಅಕ್ಷಗಳ ಚಿತ್ರವನ್ನು ಇಟ್ಟುಕೊಳ್ಳಿ. ಎಚ್ಚರ ಒಂದು ಅಕ್ಷ, ಅನುಭವ ಇನ್ನೊಂದು. ಜೆನೆಟ್ ಅವರೇ ಫ್ರೆಡ್ ಪ್ಲಮ್ ಜೊತೆ 1972ರಲ್ಲಿ ವಿವರಿಸಿದ ಸಸ್ಯಸದೃಶ ಸ್ಥಿತಿಯಲ್ಲಿ (ಈ ಹೆಸರು ನನಗೆ ಎಂದೂ ಹಿಡಿಸಿಲ್ಲ, ಮನುಷ್ಯನನ್ನು ಸಸ್ಯವೆಂದು ಕರೆದ ಧ್ವನಿ ಅದರಲ್ಲಿದೆ) ನಿದ್ರೆ ಎಚ್ಚರಗಳ ಚಕ್ರ ನಡೆಯುತ್ತದೆ, ಕಣ್ಣು ತೆರೆಯುತ್ತದೆ, ಆದರೆ ಅರಿವಿನ ಗುರುತು ಕಾಣುವುದಿಲ್ಲ. ಕನಸಿನಲ್ಲಿ ಅದಕ್ಕೆ ತದ್ವಿರುದ್ಧ: ಎಚ್ಚರವಿಲ್ಲ, ಅನುಭವ ತುಂಬಿ ತುಳುಕುತ್ತಿದೆ. ಅನುಭವದ ಅಕ್ಷವನ್ನೂ ಮತ್ತೆ ಒಡೆಯಬೇಕಾಗುತ್ತದೆ. ಟಿಮ್ ಬೇನ್, ಯಾಕೋಬ್ ಹೋವಿ ಮತ್ತು ಏಡ್ರಿಯನ್ ಓವೆನ್ 2016ರಲ್ಲಿ, ಪ್ರಜ್ಞೆಯ ಸ್ಥಿತಿಗಳನ್ನು ಒಂದೇ ಸಾಲಿನಲ್ಲಿ ಮೇಲು ಕೆಳಗಾಗಿ ಜೋಡಿಸಲಾಗದು, ಅವು ಹಲವು ದಿಕ್ಕುಗಳಲ್ಲಿ ಭಿನ್ನವಾಗುತ್ತವೆ ಎಂದು ವಾದಿಸಿದರು. ಪ್ರಾಣಿಗಳ ವಿಷಯದಲ್ಲಿ ಜೊನಾಥನ್ ಬರ್ಚ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಮುಂದುವರಿಸಿ ಐದು ದಿಕ್ಕುಗಳನ್ನು ಸೂಚಿಸಿದರು: ಗ್ರಹಿಕೆಯ ಸಮೃದ್ಧಿ, ಸುಖದುಃಖಗಳ ಸಮೃದ್ಧಿ, ಅನುಭವದ ಏಕತೆ, ಕಾಲದಲ್ಲಿ ಅದರ ಮುಂದುವರಿಕೆ, ತಾನು ಎಂಬ ಭಾವ. ಆನೆಗೆ ಪ್ರಜ್ಞೆ ಹೆಚ್ಚೋ ಆಕ್ಟೋಪಸ್‌ಗೆ ಹೆಚ್ಚೋ ಎಂಬ ಪ್ರಶ್ನೆ ಆಗ ಕರಗಿ, ಯಾವ ದಿಕ್ಕಿನಲ್ಲಿ ಎಂಬ ಉತ್ತರಿಸಬಹುದಾದ ಪ್ರಶ್ನೆಯಾಗುತ್ತದೆ. ಈ ದಿಕ್ಕುಗಳಲ್ಲಿ ಮಟ್ಟಗಳಿವೆ ಎಂಬುದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪುತ್ತೇನೆ. ಅವುಗಳನ್ನೆಲ್ಲ ಕೂಡಿಸಿ ‘ಪ್ರಜ್ಞೆ ಇಷ್ಟು’ ಎನ್ನಬಹುದಾದ ಒಂದು ಮೊತ್ತವಿದೆ ಎಂಬುದನ್ನು ಮಾತ್ರ ಒಪ್ಪಲು ನನಗೆ ಕಾರಣ ಕಾಣುವುದಿಲ್ಲ.

ಪ್ರತಿಕ್ರಿಯೆ ಇಲ್ಲದಿರುವುದು ಮತ್ತು ಅನುಭವ ಇಲ್ಲದಿರುವುದು

ಹೊರಗಿನಿಂದ ನಮಗೆ ಸಿಗುವುದೆಲ್ಲ ಗುರುತುಗಳು. ಗುರುತು ಕಾಣದಿದ್ದಾಗ ‘ಇಲ್ಲ’ ಎಂದು ಬರೆಯುವ ಮೊದಲು, ಇದ್ದಿದ್ದರೆ ಅದು ಕಾಣುವ ದಾರಿಯಿತ್ತೇ ಎಂದು ಕೇಳಬೇಕು. 2006ರಲ್ಲಿ ಓವೆನ್ ಮತ್ತು ಸಂಗಡಿಗರು, ಸಸ್ಯಸದೃಶ ಸ್ಥಿತಿಯಲ್ಲಿದ್ದಾರೆಂದು ನಿರ್ಧರಿಸಲಾಗಿದ್ದ 23 ವರ್ಷದ ಯುವತಿಯೊಬ್ಬರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆಯೂ ತಮ್ಮ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆಯೂ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರ ಮೆದುಳಿನಲ್ಲಿ ಆ ಎರಡು ಕಲ್ಪನೆಗಳಿಗೆ ಎಚ್ಚೆತ್ತುಕೊಳ್ಳುವ ಭಾಗಗಳೇ ಆಕೆಯಲ್ಲೂ ಎಚ್ಚೆತ್ತವು. 2010ರಲ್ಲಿ ಇದೇ ವಿಧಾನವನ್ನು 54 ರೋಗಿಗಳಿಗೆ ಅನ್ವಯಿಸಿದಾಗ ಐವರು ಹೀಗೆ ಸ್ಪಂದಿಸಿದರು. ಒಬ್ಬರಂತೂ ‘ಹೌದು’ ಎನ್ನಲು ಒಂದು ಕಲ್ಪನೆ, ‘ಇಲ್ಲ’ ಎನ್ನಲು ಇನ್ನೊಂದು ಎಂಬ ಒಪ್ಪಂದದ ಮೇಲೆ ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟರು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹಾಸಿಗೆಯ ಬಳಿ ಹೇಳಿದ ಮಾತಿಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಮಂದಿಯಲ್ಲಿ 60 ಮಂದಿಯ ಮೆದುಳು ಆ ಮಾತನ್ನು ಪಾಲಿಸುತ್ತಿತ್ತು. ನಾಲ್ವರಲ್ಲಿ ಒಬ್ಬರು.

ಅರಿವಳಿಕೆಯ ಕಥೆಯೂ ಇದೇ ಪಾಠವನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಡುವ ಮೊದಲು ಒಂದು ಮುಂಗೈಗೆ ಬಿಗಿಪಟ್ಟಿ ಕಟ್ಟಿ ಔಷಧ ಅಲ್ಲಿಗೆ ತಲುಪದಂತೆ ಮಾಡಿದರೆ, ಆ ಕೈಯೊಂದು ಮಾತ್ರ ಆಡಬಲ್ಲದು; 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ತಂದ ಉಪಾಯವಿದು. 2017ರ ಅಧ್ಯಯನವೊಂದರಲ್ಲಿ ಹೀಗೆ ಪರೀಕ್ಷಿಸಿದ 260 ಮಂದಿಯಲ್ಲಿ 12 ಮಂದಿ, ‘ಕೇಳಿಸುತ್ತಿದ್ದರೆ ನನ್ನ ಕೈ ಅದುಮಿ’ ಎಂದಾಗ ಅದುಮಿದರು. ಹೀಗೆ ಕೈ ಅದುಮಿದವರಲ್ಲಿ ಹೆಚ್ಚಿನವರಿಗೆ ಅದು ನೆನಪಿರುವುದಿಲ್ಲ. ನೆನಪಿಲ್ಲದ್ದು ನಡೆದೇ ಇಲ್ಲ ಎನ್ನುವಂತಿಲ್ಲ. ಇದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ, ನಿದ್ರೆಯ ವಿಚಾರದಲ್ಲಿ ಬೇಕಾಗುತ್ತದೆ.

ಯಂತ್ರಗಳು ಕೊಡುವ ಅಂಕಿಗಳನ್ನೂ ಇಷ್ಟೇ ಎಚ್ಚರದಿಂದ ಓದಬೇಕು. ಕಾಂತೀಯ ಮಿಡಿತದಿಂದ ಮೆದುಳನ್ನು ಹೊರಗಿನಿಂದ ತಟ್ಟಿ, ಅದರ ಮಾರ್ದನಿ ಎಷ್ಟು ಸಂಕೀರ್ಣವಾಗಿದೆ ಎಂಬುದನ್ನು ವಿದ್ಯುತ್ ಅಲೆಗಳ ಮೂಲಕ ಅಳೆಯುವ ಒಂದು ಸೂಚ್ಯಂಕ 2013ರಿಂದ ಇದೆ. ಎಚ್ಚರದಲ್ಲೂ ಕನಸಿನಲ್ಲೂ ಅದು ಹೆಚ್ಚಿರುತ್ತದೆ, ಕನಸಿಲ್ಲದ ಗಾಢನಿದ್ರೆಯಲ್ಲಿ ಮತ್ತು ಕೆಲವು ಅರಿವಳಿಕೆಗಳಲ್ಲಿ ಕುಸಿಯುತ್ತದೆ, 2016ರಲ್ಲಿ 0.31 ಎಂಬ ಗಡಿಯನ್ನು ಗೊತ್ತುಮಾಡಲಾಯಿತು. ಆ ಗಡಿಯನ್ನು ಗೊತ್ತುಮಾಡಿದ್ದು, ತಮಗೆ ಅನುಭವವಿತ್ತೇ ಇಲ್ಲವೇ ಎಂದು ಹೇಳಬಲ್ಲವರ ಮಾತಿನ ಆಧಾರದ ಮೇಲೆ. ಆದ್ದರಿಂದ ಅದು ‘ಇದೆಯೇ’ ಎಂಬ ಪ್ರಶ್ನೆಗೆ ಒಳ್ಳೆಯ ಸಾಕ್ಷಿ, ‘ಎಷ್ಟಿದೆ’ ಎಂಬುದಕ್ಕೆ ಅಲ್ಲ, 0.6 ಬಂದವರಿಗೆ 0.4 ಬಂದವರಿಗಿಂತ ಒಂದೂವರೆ ಪಟ್ಟು ಪ್ರಜ್ಞೆ ಇದೆಯೆಂದು ಯಾರೂ ತಿಳಿಯಬಾರದು. ನರವಿಜ್ಞಾನಿ ಜೂಲಿಯೊ ಟೊನೊನಿ 2004ರಲ್ಲಿ ಮಂಡಿಸಿದ, ಮಾಹಿತಿ ಒಗ್ಗೂಡುವುದೇ ಪ್ರಜ್ಞೆ ಎಂಬ ಸಿದ್ಧಾಂತ, ಪ್ರಜ್ಞೆಗೆ ನಿಜವಾಗಿಯೇ ಒಂದು ಪ್ರಮಾಣವಿದೆ ಎನ್ನುತ್ತದೆ. ಅದನ್ನು ಒಪ್ಪುವವರು ಮೊದಲು ಆ ಸಿದ್ಧಾಂತವನ್ನು ಒಪ್ಪಿರಬೇಕು. ಸೂಚ್ಯಂಕ ತಾನಾಗಿ ಆ ಸಿದ್ಧಾಂತವನ್ನು ಸಾಧಿಸಿಕೊಡುವುದಿಲ್ಲ.

ಗಾಢನಿದ್ರೆಯ ಮೇಲೆ ಪರೀಕ್ಷಿಸಿ ನೋಡಿ

ಈ ಕ್ರಮವನ್ನು ಸ್ವಂತ ಅನುಭವದ ಮೇಲೆ ಪ್ರಯೋಗಿಸಲು ಗಾಢನಿದ್ರೆ ತಕ್ಕ ಜಾಗ, ಏಕೆಂದರೆ ಅಲ್ಲಿ ನಮ್ಮ ಪರಂಪರೆ ಬಹಳ ಹಿಂದೆಯೇ ವಾದ ಹೂಡಿದೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಎಚ್ಚರವನ್ನು ಹೊರಮುಖದ ಪ್ರಜ್ಞೆಯೆಂದೂ ಕನಸನ್ನು ಒಳಮುಖದ ಪ್ರಜ್ಞೆಯೆಂದೂ ಗಾಢನಿದ್ರೆಯನ್ನು ಗಟ್ಟಿಯಾಗಿ ಒಂದಾದ ಪ್ರಜ್ಞೆಯೆಂದೂ ಹೇಳುತ್ತದೆ. ಎದ್ದ ಮೇಲೆ ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತೇವಲ್ಲ, ಅದು ನೆನಪು, ನೆನಪಿಗೆ ಮೊದಲು ಅನುಭವ ಇದ್ದಿರಲೇಬೇಕು ಎಂಬುದು ಅದ್ವೈತಿಗಳ ವಾದ. ಅದು ನೆನಪಲ್ಲ, ಮೈ ಹಗುರಾಗಿರುವುದರಿಂದಲೂ ನಡುವಿನ ಹೊತ್ತಿನ ನೆನಪಿಲ್ಲದಿರುವುದರಿಂದಲೂ ಎದ್ದ ಮೇಲೆ ತರ್ಕದಿಂದ ಮಾಡಿಕೊಂಡ ಊಹೆ ಎಂಬುದು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಉತ್ತರ. ಇಬ್ಬರ ಮಾತನ್ನೂ ಮೇಲೆ ಬರೆದಿಟ್ಟುಕೊಂಡ ಸಾಲಿನ ಪಕ್ಕದಲ್ಲಿಟ್ಟು ನೋಡಿ: ನೆನಪಿಲ್ಲದಿರುವುದು ಅನುಭವವಿಲ್ಲದಿರುವುದಕ್ಕೆ ಸಾಕ್ಷಿಯಲ್ಲ, ಆದರೆ ಅಷ್ಟರಿಂದ ಅನುಭವವಿತ್ತೆಂದೂ ಆಗುವುದಿಲ್ಲ. ನಿದ್ರಾಪ್ರಯೋಗಾಲಯಗಳಲ್ಲಿ ಮಲಗಿದವರನ್ನು ಮತ್ತೆ ಮತ್ತೆ ಎಬ್ಬಿಸಿ ಕೇಳಿದಾಗ ಸಿಗುವ ಉತ್ತರಗಳೂ ಮೂರು ಬಗೆಯವು: ಇಂಥದ್ದು ಕಂಡೆ ಎನ್ನುವವರು, ಏನೋ ಇತ್ತು ಆದರೆ ಏನೆಂದು ತಿಳಿಯದು ಎನ್ನುವವರು, ಏನೂ ಇರಲಿಲ್ಲ ಎನ್ನುವವರು. ಆ ನಡುವಿನವರೇ ಎರಡೂ ಪಕ್ಷಗಳಿಗೆ ನಿಜವಾದ ಸವಾಲು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಉಪನಿಷತ್ತು ಈ ಮೂರು ಸ್ಥಿತಿಗಳ ನಂತರ ಹೇಳುವ ನಾಲ್ಕನೆಯದಾದ ತುರೀಯವನ್ನು ಏಣಿಯ ತುದಿಯ ಮೆಟ್ಟಿಲೆಂದು, ‘ಅತಿ ಹೆಚ್ಚಿನ ಪ್ರಜ್ಞೆ’ಯೆಂದು ವಿವರಿಸುವುದು ಇತ್ತೀಚೆಗೆ ಹೆಚ್ಚಾಗಿದೆ. ಉಪನಿಷತ್ತು ಹಾಗೆ ಹೇಳುವುದಿಲ್ಲ. ಅದು ಒಳಮುಖವೂ ಅಲ್ಲ, ಹೊರಮುಖವೂ ಅಲ್ಲ, ಎರಡೂ ಅಲ್ಲ, ಪ್ರಜ್ಞವೂ ಅಲ್ಲ, ಅಪ್ರಜ್ಞವೂ ಅಲ್ಲ ಎಂದು ನಿರಾಕರಿಸುತ್ತಲೇ ಹೋಗುತ್ತದೆ. ಅದ್ವೈತದ ಪ್ರಕಾರ ಚೈತನ್ಯದಲ್ಲಿ ಹೆಚ್ಚು ಕಡಿಮೆಯೇ ಇಲ್ಲ; ಕದಡಿದ ನೀರಿನಲ್ಲಿ ಸೂರ್ಯನ ಬಿಂಬ ಮಸುಕಾದರೆ ಸೂರ್ಯ ಮಸುಕಾದಂತಲ್ಲ. ದೀಪದ ವಾದಕ್ಕೂ ಇದಕ್ಕೂ ಹತ್ತಿರದ ನಂಟಿದೆ, ಆದರೆ ಅದ್ವೈತದಲ್ಲಿ ಆ ದೀಪ ಆರುವುದೇ ಇಲ್ಲ. ಅಷ್ಟನ್ನು ಒಪ್ಪಬೇಕೇ ಎಂಬುದು ನಂಬಿಕೆಯ ಪ್ರಶ್ನೆ, ಹಾಸಿಗೆಯ ಪಕ್ಕದ ಪರೀಕ್ಷೆಯಿಂದ ತೀರುವಂಥದ್ದಲ್ಲ.

ವಾಕ್ಯವನ್ನು ಬರೆಯುವಾಗ

ಇಷ್ಟೆಲ್ಲ ಆದ ಮೇಲೆ ನೀವು ಬರೆಯುವ ಅಥವಾ ಆಡುವ ವಾಕ್ಯದಲ್ಲಿ ‘ಪ್ರಜ್ಞೆ ಇಲ್ಲ’, ‘ಅರೆಪ್ರಜ್ಞೆ’, ‘ಕೋಮಾ’ ಎಂಬ ಒಂಟಿ ಪದಗಳ ಜಾಗದಲ್ಲಿ ನೋಡಿದ್ದನ್ನೇ ಇಡಿ: ಕಣ್ಣು ತಾನಾಗಿ ತೆರೆಯುತ್ತದೆಯೇ, ಮಾತಿಗೆ ಸ್ಪಂದನೆ ಇದೆಯೇ, ಇದ್ದರೆ ಪ್ರತಿ ಸಲವೂ ಇದೆಯೇ, ಯಾವ ಹೊತ್ತಿನಲ್ಲಿ, ಯಾವ ಔಷಧದ ಪ್ರಭಾವದಲ್ಲಿ, ಯಾರು, ಯಾವ ವಿಧಾನದಿಂದ ನೋಡಿದರು. ಇದು ಸೂಕ್ಷ್ಮದ ಹಟವಲ್ಲ. 2009ರ ಅಧ್ಯಯನವೊಂದರಲ್ಲಿ, ವೈದ್ಯರ ತಂಡ ಸಸ್ಯಸದೃಶ ಸ್ಥಿತಿಯೆಂದು ಒಮ್ಮತದಿಂದ ನಿರ್ಧರಿಸಿದ್ದ 44 ಮಂದಿಯನ್ನು ಕ್ರಮಬದ್ಧವಾದ ಮಾಪನದಿಂದ ಮತ್ತೆ ಪರೀಕ್ಷಿಸಿದಾಗ 18 ಮಂದಿಯಲ್ಲಿ ಅರಿವಿನ ಗುರುತುಗಳು ಕಂಡವು. ಅರಿವು ಬಂದು ಹೋಗುವಂಥದ್ದಾದ್ದರಿಂದ ಬೆಳಗಿನ ಸುತ್ತಿನಲ್ಲಿ ಕಾಣದ್ದು ಸಂಜೆ ಕಾಣಬಹುದು. ದಿನವಿಡೀ ಪಕ್ಕದಲ್ಲಿರುವ ದಾದಿಯೋ ಮನೆಯವರೋ ‘ನನ್ನ ಧ್ವನಿಗೆ ತಿರುಗಿದಳು’ ಎಂದರೆ ಅದನ್ನು ಮಮತೆಯ ಭ್ರಮೆಯೆಂದು ತಳ್ಳಿಹಾಕದೆ, ಗಂಟೆ ನಿಮಿಷ ಸಹಿತ ಬರೆದಿಟ್ಟು, ಬೇರೆ ದಿನ ಬೇರೆ ಹೊತ್ತಿನಲ್ಲಿ ಮತ್ತೆ ಕೇಳಿ ನೋಡಬೇಕು. ಕೇಳುವ ಮೊದಲು ಆ ವ್ಯಕ್ತಿಯ ಹೆಸರು ಹಿಡಿದು ಕರೆದು, ಈಗ ಏನು ಮಾಡಲಿದ್ದೇವೆಂದು ಅವರಿಗೇ ಹೇಳಿ.